ಅಜ್ಜಿಗೆ ತಂದ ಚಾಕೊಲೇಟು

ಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ನಾನು ಅಪ್ಪನ ಜೊತೆ ಕೊಲಂಬೊಗೆ ಹೋದೆ. ನಮ್ಮದು ದೇವನಹಳ್ಳಿಯ ಪಕ್ಕದ ಒಂದು ಹಳ್ಳಿ. ಹೊಲದಲ್ಲಿ ರಾಗಿ, ಬಾವಿಯ ಸುತ್ತ ಚಕ್ಕೋತದ ಮರಗಳು. ಬೆಂಗಳೂರಿಗೆ ಹೋಗಿಬಂದರೆ ಅದೇ ದೊಡ್ಡ ಪ್ರಯಾಣ. ಅಂಥ ಊರಿನಿಂದ ನಮಗಿಂತ ಮುಂಚೆ ಸಮುದ್ರ ದಾಟಿದವನು ನನ್ನ ಚಿಕ್ಕಪ್ಪನೊಬ್ಬನೇ. ಅವನು ಮಿಲಿಟರಿಯಲ್ಲಿ ಲಾರಿ ಡ್ರೈವರಾಗಿ ಸಿಂಗಪುರಕ್ಕೆ ಹೋಗಿದ್ದ. ಆ ಊರು ಜಪಾನಿನವರ ಕೈಗೆ ಸಿಕ್ಕಮೇಲೆ ಅವನ ಸುದ್ದಿಯೇ ನಿಂತುಹೋಯಿತು. ಸರ್ಕಾರದಿಂದ ಬಂದದ್ದು ಒಂದೇ ಮಾತು: ಪತ್ತೆಯಿಲ್ಲ.

ಆ ಮಾತನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ತೆಗೆದುಕೊಂಡರು. ಅಮ್ಮ ದೇವರಿಗೆ ಹರಕೆ ಹೊತ್ತಳು. ಅಪ್ಪ ಅವತ್ತಿನಿಂದ ಒಂದು ಕಡೆ ಕೂತವನಲ್ಲ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ಹಟ್ಟಿಯ ಕಡೆ ಹೋಗಿ ಎತ್ತುಗಳನ್ನು ನೋಡಿ ಬರುತ್ತಿದ್ದ. ಅಜ್ಜಿಯ ರೀತಿಯೇ ಬೇರೆ. ಅವಳು ಚಿಕ್ಕಪ್ಪನಿಗೆ ಹೆಣ್ಣು ಹುಡುಕುವುದನ್ನು ನಿಲ್ಲಿಸಲೇ ಇಲ್ಲ. ಯಾರ ಮದುವೆಗೆ ಹೋದರೂ ಚಪ್ಪರದಲ್ಲಿ ಕೂತು, "ನಮ್ಮ ಚಿಕ್ಕೋನು ಬಂದ ಮೇಲೆ ನಮ್ಮನೇಲೂ ಐತೆ ಒಂದು ಕಾರ್ಯ, ನಿಮ್ಮ ಕಡೆ ಒಳ್ಳೆ ಹೆಣ್ಣು ಇದ್ರೆ ಹೇಳ್ರವ್ವ" ಅನ್ನುತ್ತಿದ್ದಳು. ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಪ್ಪ ಚಪ್ಪರದಿಂದ ಎದ್ದು ಹೊರಗೆ ಹೋಗುತ್ತಿದ್ದ.

ಹೀಗಿರುವಾಗ ಹೊಸಕೋಟೆಯ ಸಂತೆಯಲ್ಲಿ ಅಪ್ಪನಿಗೆ ಒಬ್ಬ ಸಿಕ್ಕಿದ. ಜಡಿಗೇನಹಳ್ಳಿಯ ಕಡೆಯವನು, ಯುದ್ಧ ಮುಗಿಸಿ ಬಂದವನು. ತಾನು ವಾಪಸು ಬಂದ ಹಡಗಿನಲ್ಲಿ ಒಬ್ಬ ತಮಿಳಿನವನಿದ್ದ, ಮೈಸೂರು ಸೀಮೆಯವರು ಯಾರೇ ಸಿಕ್ಕರೂ ದೇವನಹಳ್ಳಿ ಗೊತ್ತಾ ಎಂದು ಕೇಳುತ್ತಿದ್ದ, ಅಲ್ಲಿನ ಲಾರಿ ಡ್ರೈವರೊಬ್ಬ ತನ್ನ ಜೊತೆ ಸೆರೆಯಲ್ಲಿದ್ದ ಎನ್ನುತ್ತಿದ್ದ ಎಂದು ಹೇಳಿದ. ಆ ತಮಿಳಿನವನು ಈಗ ಕೊಲಂಬೊದ ಬಂದರಿನ ಹತ್ತಿರ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದಾನಂತೆ. ಅಷ್ಟು ಗೊತ್ತಾದ ಮೇಲೆ ಅಪ್ಪನನ್ನು ಹಿಡಿಯುವವರಿರಲಿಲ್ಲ. ಅಪ್ಪನಿಗೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ನಾನು ಹಲಸೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಮೆಟ್ರಿಕ್ ತನಕ ಓದಿದ್ದೆ. ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು, ತಮಿಳು ಅಲ್ಲಿನ ಬೀದಿಯಲ್ಲೇ ಬಂದಿತ್ತು. "ಇವಳೇ ನನ್ನ ನಾಲಿಗೆ, ಇವಳೂ ಬರ್ತಾಳೆ" ಎಂದ ಅಪ್ಪ. ಮದುವೆಗೆ ಬಂದ ಹುಡುಗಿಯನ್ನು ಸಮುದ್ರದಾಚೆ ಕರೆದೊಯ್ಯುವುದುಂಟೇ ಎಂದು ಊರಿನವರು ಆಡಿಕೊಂಡರು. ಅಜ್ಜಿ ಮಾತ್ರ ಚಕ್ಕೋತದ ಹಣ್ಣುಗಳನ್ನು ಗೋಣಿಚೀಲಕ್ಕೆ ತುಂಬಿ, "ಸಿಕ್ಕಿದ ತಕ್ಷಣ ಮೊದ್ಲು ಇದನ್ನ ತಿನ್ಸಿ, ಆಮೇಲೆ ಮಾತಾಡಿ" ಎಂದಳು. ಚಿಕ್ಕಪ್ಪನೇ ಅಲ್ಲಿ ಕಾದು ನಿಂತಿದ್ದಾನೆ ಅನ್ನುವ ಹಾಗೆ.

ರೈಲು, ಧನುಷ್ಕೋಡಿಯ ಹಡಗು, ಮತ್ತೆ ರೈಲು. ಕೊಲಂಬೊದಲ್ಲಿ ಆ ಬೇಕರಿಯನ್ನು ಹುಡುಕಲು ಒಂದು ಇಡೀ ದಿನ ಹಿಡಿಯಿತು. ಸೆಕೆಯೆಂದರೆ ನಮ್ಮ ಕಡೆಯ ಒಣ ಬಿಸಿಲಲ್ಲ, ಒದ್ದೆ ಕಂಬಳಿ ಹೊದ್ದ ಹಾಗೆ. ಅಪ್ಪ ರುಮಾಲು ಬಿಚ್ಚದೆ, ಚೀಲ ಹೆಗಲಿಂದಿಳಿಸದೆ ನನ್ನ ಮುಂದೆ ಮುಂದೆ ಓಡುತ್ತಿದ್ದ. ದಾರಿ ಗೊತ್ತಿಲ್ಲದವನು ಮುಂದೆ, ದಾರಿ ಕೇಳಬೇಕಾದವಳು ಹಿಂದೆ.

ಬೇಕರಿಯವನು ಸಿಕ್ಕಿದ. ಸಣ್ಣ ವಯಸ್ಸಿನವನೇ, ಆದರೆ ತಲೆಗೂದಲೆಲ್ಲ ಬೆಳ್ಳಗಾಗಿತ್ತು. ನಾನು ತಮಿಳಿನಲ್ಲಿ ದೇವನಹಳ್ಳಿ ಎಂದದ್ದೇ ತಡ, ಹಿಟ್ಟಿನ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಅಪ್ಪನ ಮುಖವನ್ನೇ ನೋಡುತ್ತ ನಿಂತ. "ಅಣ್ಣನೇ ತಾನೆ? ಮೂಗು ಒಂದೇ ಥರ ಇದೆ" ಎಂದ. ಅದನ್ನು ನಾನು ಕನ್ನಡಕ್ಕೆ ಹೇಳುವ ಮೊದಲೇ ಅಪ್ಪ, "ಬದುಕವ್ನಾ ಕೇಳು. ಅದೊಂದನ್ನ ಕೇಳು" ಎಂದ.

ಬದುಕಿರಲಿಲ್ಲ. ಸೆರೆ ಸಿಕ್ಕವರನ್ನೆಲ್ಲ ಜಪಾನಿನವರು ಹಡಗಿಗೆ ತುಂಬಿ ಯಾವುದೋ ದ್ವೀಪಕ್ಕೆ ಸಾಗಿಸಿದ್ದರಂತೆ. ಅಲ್ಲಿ ಕಾಡು ಕಡಿದು ವಿಮಾನ ಇಳಿಯುವ ಜಾಗ ಮಾಡುವ ಕೆಲಸ. ಹೊಟ್ಟೆಗಿಲ್ಲ, ಮದ್ದಿಲ್ಲ. ಯುದ್ಧ ಮುಗಿಯುವುದಕ್ಕೆ ಕೆಲವೇ ತಿಂಗಳ ಮುಂಚೆ ಜ್ವರ ಬಂದು ಚಿಕ್ಕಪ್ಪ ಹೋದ. ಅವನನ್ನು ಮಣ್ಣು ಮಾಡಿದವರಲ್ಲಿ ಇವನೂ ಒಬ್ಬ. ನಾನು ಒಂದೊಂದು ಮಾತನ್ನೂ ತಮಿಳಿನಿಂದ ತೆಗೆದು ಅಪ್ಪನಿಗೆ ಕೊಡುತ್ತಿದ್ದೆ. ಅಪ್ಪ ಹೂಂ ಎನ್ನುತ್ತಿದ್ದ, ಅಷ್ಟೇ. ನಡುವೆ ಇರುವ ನನಗೆ ಅಳುವುದಕ್ಕೂ ಬಿಡುವಿರಲಿಲ್ಲ.

ಆಮೇಲೆ ಅವನು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದ. ಮುಚ್ಚಳದ ಮೇಲೆ ಹಿಮ ಬಿದ್ದ ಮನೆಯೊಂದರ ಚಿತ್ರ. ಒಳಗೆ ಬೇಗಡೆ ಕಾಗದದಲ್ಲಿ ಸುತ್ತಿದ ಚಾಕೊಲೇಟುಗಳು. ಸಿಂಗಪುರದಲ್ಲಿದ್ದಾಗ ಚಿಕ್ಕಪ್ಪನ ಲಾರಿಯಲ್ಲಿ ದೊರೆಗಳ ಸಾಮಾನಿನ ಪೆಟ್ಟಿಗೆಯೊಂದು ಒಡೆದು, ಅದರಲ್ಲಿದ್ದ ಚಾಕೊಲೇಟನ್ನು ಡ್ರೈವರುಗಳೆಲ್ಲ ಹಂಚಿಕೊಂಡಿದ್ದರಂತೆ. ಆವತ್ತಿನಿಂದ ಅವನದು ಒಂದೇ ಜಪ. ಸೆರೆಯಲ್ಲಿ ಹಸಿದು ಮಲಗಿದವರು ತಮ್ಮ ತಮ್ಮ ಮನೆಯ ಅಡುಗೆ ನೆನೆಯುತ್ತಿದ್ದರೆ ಚಿಕ್ಕಪ್ಪ, "ನಮ್ಮವ್ವಂಗೆ ಹಲ್ಲಿಲ್ಲ, ಚಾಕೊಲೇಟು ಬಾಯಲ್ಲಿ ಇಟ್ಟರೆ ಸಾಕು, ತಾನೇ ಕರಗುತ್ತೆ. ಹೋಗುವಾಗ ಒಂದು ಡಬ್ಬಿ ಒಯ್ಯುತ್ತೇನೆ" ಎನ್ನುತ್ತಿದ್ದನಂತೆ. "ಮನೆಯವರು ಸಿಕ್ಕರೆ ಕೊಡೋಣವೆಂದು ನಾನೇ ಕೊಂಡಿಟ್ಟಿದ್ದೆ, ಒಯ್ಯಿರಿ" ಎಂದು ಬೇಕರಿಯವನು ಡಬ್ಬಿಯನ್ನು ಅಪ್ಪನ ಕೈಗಿಟ್ಟ. ಅಪ್ಪ ಚಕ್ಕೋತದ ಚೀಲವನ್ನು ಅವನ ಮುಂದೆ ಇಳಿಸಿದ.

ಅಲ್ಲಿಂದ ಅಪ್ಪ ನೆಟ್ಟಗೆ ಸಮುದ್ರದ ಕಡೆ ನಡೆದ. ನಾನು ಡಬ್ಬಿ ಹಿಡಿದು ದಂಡೆಯ ಮೇಲೆ ನಿಂತೆ. ಉಟ್ಟ ಪಂಚೆ, ಕೋಟು, ರುಮಾಲಿನ ಸಮೇತ ಅವನು ನೀರಿಗಿಳಿದು ಮುಳುಗಿ ಎದ್ದ. ಸಾವಿನ ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು, ಅದಕ್ಕೆ. ದಂಡೆಯಲ್ಲಿದ್ದವರು ಯಾರೋ ನಗುತ್ತಿದ್ದರು. ಮೇಲೆ ಬಂದು, "ನೀನೂ ಹೋಗಿ ಮುಳುಗು" ಎಂದ. ನಾನೂ ಮುಳುಗಿ ಬಂದೆ. ಉಪ್ಪುನೀರು ಕಣ್ಣಿಗೆ ಹೋಗಿ ಉರಿಯುತ್ತಿತ್ತು. ಆಗ ಬಂತು ಅಳು.

ವಾಪಸು ಬರುವ ದಾರಿ ಹೋಗುವ ದಾರಿಗಿಂತ ಕಷ್ಟವಾಯಿತು. ಅಪ್ಪನಿಗೆ ಎರಡು ಚಿಂತೆ. ಅವ್ವನಿಗೆ ಹೇಗೆ ಹೇಳುವುದು ಅನ್ನುವುದೊಂದು, ಡಬ್ಬಿಯೊಳಗಿನದು ಕರಗದಂತೆ ಮನೆ ಮುಟ್ಟಿಸುವುದು ಇನ್ನೊಂದು. ಮೊದಲನೆಯದನ್ನು ಮಾತಿಗೆ ತರಲಾರದೆ ಎರಡನೆಯದನ್ನೇ ಆಡುತ್ತಿದ್ದ. "ಮುಟ್ಟಿ ನೋಡು, ಬಿಸಿ ಆಗೈತಾ? ಕಿಟಕಿ ಹತ್ರ ಇಡು. ಬ್ಯಾಡ ಬ್ಯಾಡ, ಬಿಸಿಲು ಬೀಳ್ತದೆ, ಕೆಳಗೆ ಇಡು." ಟವೆಲನ್ನು ಒದ್ದೆ ಮಾಡಿ ಡಬ್ಬಿಗೆ ಸುತ್ತಿದ್ದೆವು. ಪ್ರತಿ ನಿಲ್ದಾಣದಲ್ಲೂ ಇಳಿದು ನಲ್ಲಿಗೆ ಓಡಿ ಅದನ್ನು ನೆನೆಸಿ ತರುತ್ತಿದ್ದ. ರೈಲು ಸಿಳ್ಳು ಹಾಕಿ ಹೊರಟಮೇಲೆ ಓಡಿಬಂದು ಹತ್ತುತ್ತಿದ್ದ.

ಧನುಷ್ಕೋಡಿಯಲ್ಲಿ ಸುಂಕದವರು ನಮ್ಮ ಗಂಟನ್ನು ಬಿಚ್ಚಿಸಿದರು. ಅಧಿಕಾರಿಯೊಬ್ಬ ಡಬ್ಬಿ ತೆಗೆದು ಒಂದು ಚಾಕೊಲೇಟಿನ ಬೇಗಡೆ ಬಿಚ್ಚಲು ಹೋದ. ಅಪ್ಪ ಅವನ ಕೈಯನ್ನೇ ಹಿಡಿದುಬಿಟ್ಟ.

"ಮುಟ್ಬ್ಯಾಡಿ ಸ್ವಾಮಿ. ಅದು ನನ್ನ ತಮ್ಮಂದು. ಸತ್ತವ್ನೆ ಅವ್ನು" ಎಂದ ಜೋರಾಗಿ.

ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಸತ್ತಿದ್ದಾನೆ ಎಂಬ ಮಾತನ್ನು ಅಪ್ಪ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಏನೆನ್ನುತ್ತಿದ್ದಾನೆ ಇವನು ಎಂದು ಅಧಿಕಾರಿ ನನ್ನನ್ನು ಕೇಳಿದ. ಹೇಳಿದೆ. ಅವನು ಡಬ್ಬಿಯ ಮುಚ್ಚಳ ಹಾಕಿ, ಟವೆಲನ್ನೂ ತಾನೇ ಸುತ್ತಿ ನನ್ನ ಕೈಗೆ ಕೊಟ್ಟ.

ತಿರುಚಿಯಲ್ಲಿ ರೈಲು ಬದಲಾಯಿಸಬೇಕಿತ್ತು. ಪ್ಲಾಟ್‌ಫಾರಂ ಹೊರಗೆ ಮರದ ಕೆಳಗೆ ಕ್ಷೌರದವನೊಬ್ಬ ಕೂತಿದ್ದ. ಅಪ್ಪ ಹೋಗಿ ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಅವನು ಕತ್ತಿ ಮಸೆಯುವಷ್ಟರಲ್ಲಿ ಎದ್ದು ಬಂದ. ಸ್ವಲ್ಪ ಹೊತ್ತಿಗೆ ಮತ್ತೆ ಹೋದ, ಮತ್ತೆ ಬಂದ.

"ಮೀಸೆ ತೆಗೆಸ್ಬೇಕು ಕಣವ್ವ, ತಮ್ಮ ಹೋದ ಮೇಲೆ. ಆದ್ರೆ ತೆಗೆಸ್ಕೊಂಡು ಹೋದ್ರೆ ಅವ್ವಂಗೆ ಬಾಗಿಲಲ್ಲೇ ಗೊತ್ತಾಗೋಯ್ತದೆ" ಎಂದ.

"ಗೊತ್ತಾಗಲಿ ಬಿಡಪ್ಪ. ಹೇಳೋ ಕಷ್ಟ ತಪ್ಪುತ್ತೆ" ಎಂದೆ.

"ಹಂಗಲ್ಲ. ನಾನೇ ಹೇಳ್ಬೇಕು. ಕೂರಿಸ್ಕೊಂಡು, ನಿಧಾನಕ್ಕೆ ಹೇಳ್ತೀನಿ. ನೀನು ಮಾತ್ರ ಬಾಯಿ ಬಿಡ್ಬ್ಯಾಡ."

ಈರೋಡಿನ ಹೊತ್ತಿಗೆ, ಮೊದಲು ಅಮ್ಮನಿಗೆ ಹೇಳುವುದು ಎಂದಾಯಿತು. ಜೋಲಾರಪೇಟೆಯಲ್ಲಿ, ಬೇಡ, ಊರ ಹಿರಿಯರನ್ನು ಕರೆಸಿ ಹೇಳಿಸುವುದು ಎಂದಾಯಿತು. ಯಲಹಂಕ ದಾಟಿದ ಸಣ್ಣ ರೈಲಿನಲ್ಲಿ ಅಪ್ಪ ಡಬ್ಬಿಯನ್ನು ಎದೆಗವಚಿಕೊಂಡು ಕೂತು ಎದ್ದು, ಕೂತು ಎದ್ದು, ಕಡೆಗೆ ಬಾಗಿಲ ಹತ್ತಿರ ನಿಂತುಬಿಟ್ಟ.

ಮನೆಯ ಜಗಲಿಯಲ್ಲಿ ಅಜ್ಜಿ ಅವರೆಕಾಳು ಆರಿಸುತ್ತಿದ್ದಳು. ನಮ್ಮನ್ನು ಕಂಡು ಎದ್ದಳು. ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿದಳು. ಯಾರೂ ಇಲ್ಲ.

"ಎಲ್ಲೋ?" ಎಂದಳು.

ಅಪ್ಪ ಬಾಯಿ ತೆರೆದ. ದಾರಿಯುದ್ದಕ್ಕೂ ಜೋಡಿಸಿದ ಮಾತುಗಳಲ್ಲಿ ಒಂದೂ ಬರಲಿಲ್ಲ. ಕೈಯಲ್ಲಿದ್ದ ಡಬ್ಬಿಯನ್ನು ಮುಂದೆ ಚಾಚಿ, "ನಿಂಗೆ ಅಂತ ಕಳ್ಸವ್ನೆ ಕಣವ್ವ" ಎಂದ.

ನಾನು ಅಪ್ಪನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ, ಸೀದಾ ಹಟ್ಟಿಯ ಕಡೆ ಹೊರಟುಹೋದ.

ಅಜ್ಜಿ ಕೂತು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. ಮುಚ್ಚಳದ ಚಿತ್ರ ನೋಡಿ, "ಇದೇನೇ, ಮನೆ ಮೇಲೆಲ್ಲ ಹತ್ತಿ ಒಣಗಾಕವ್ರೆ" ಎಂದಳು. ಎಷ್ಟು ನೀರು ಸುತ್ತಿದರೂ ಚಾಕೊಲೇಟು ದಾರಿಯಲ್ಲಿ ಕರಗಿ, ಆರಿ, ಮತ್ತೆ ಕರಗಿ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ನಾನು ಬೇಗಡೆ ಬಿಡಿಸಿ ಬೆರಳಷ್ಟು ಕೊಟ್ಟೆ. ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಕೆನ್ನೆಗಳು ಒಳಗೆ ಹೋಗಿ ಹೊರಗೆ ಬಂದವು. "ಕರಗೇ ಹೋಯ್ತು ಕಣೇ" ಎಂದು ನಕ್ಕಳು. "ನಂಗೆ ಹಲ್ಲಿಲ್ಲ ಅಂತ ಅವ್ನಿಗೆ ಗ್ಯಾನ ಐತೆ ನೋಡು."

ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಅಷ್ಟೇ ಸಾಕಾಯಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವತ್ತಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ, ಅಜ್ಜಿಯೊಬ್ಬಳನ್ನು ಬಿಟ್ಟು. ಎಂದು ಬರುತ್ತಾನಂತೆ, ಮೈ ಇಳಿದಿದ್ದಾನಾ, ಯಾಕೆ ಜೊತೆಯಲ್ಲೇ ಬರಲಿಲ್ಲ ಎಂದು ಅವಳು ಕೇಳಿದರೆ ನಾನು ಬಾವಿಗೆ ನೀರಿಗೆ ಹೋಗುತ್ತಿದ್ದೆ. ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ಹೋಗುತ್ತಿದ್ದೆ. ಅಪ್ಪ ಬೆಳಗ್ಗೆ ಹೊಲಕ್ಕೆ ಹೋದವನು ಕತ್ತಲಾಗುವತನಕ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಲದಲ್ಲಿ ಏನು ಕೆಲಸ? ಉತ್ತ ನೆಲವನ್ನೇ ಉಳುತ್ತಿದ್ದ. "ಅಪ್ಪ, ಇವತ್ತು ಹೇಳು" ಎಂದು ಬುತ್ತಿ ಕೊಡುವಾಗ ಹೇಳುತ್ತಿದ್ದೆ. "ಹೇಳ್ತೀನಿ, ಹೇಳ್ತೀನಿ" ಎಂದು ಎತ್ತುಗಳನ್ನು ತಿರುಗಿಸುತ್ತಿದ್ದ.

ಒಂದು ಬೆಳಗ್ಗೆ ಎದ್ದು ನೋಡಿದರೆ ಅಜ್ಜಿಯೂ ಇಲ್ಲ, ಡಬ್ಬಿಯೂ ಇಲ್ಲ. ಅಮ್ಮ ಗಾಬರಿಯಾಗಿ ಬೀದಿಯೆಲ್ಲ ಕೇಳಿದಳು. ಅಜ್ಜಿ ಒಳ್ಳೆಯ ಸೀರೆಯುಟ್ಟು ಪಕ್ಕದ ಹಳ್ಳಿಗೆ ಹೋಗಿದ್ದಳು. ಅಲ್ಲಿ ಅವಳು ಬಹಳ ದಿನದಿಂದ ಕಣ್ಣಿಟ್ಟಿದ್ದ ಒಂದು ಹೆಣ್ಣಿತ್ತು. ಮಧ್ಯಾಹ್ನ ಬಿಸಿಲಿಗೆ ಬೆವರುತ್ತ, ನಗುತ್ತ ಬಂದಳು. "ಹುಡುಗೀಗೆ ಒಂದು ಚೂರು ತಿನ್ನಿಸಿ ಬಂದೆ. ಗಂಡು ಪರಸೀಮೆಯಿಂದ ಕಳ್ಸವ್ನೆ ಅಂದೆ. ಅವ್ರಪ್ಪ ಒಪ್ಪವ್ನೆ. ದೊಡ್ಡೋನು ಹೋಗಿ ಎಲೆ ಅಡಿಕೆ ಬದಲಾಯಿಸ್ಕೊಂಡು ಬರಲಿ" ಎಂದಳು.

ನಾನು ಹೊಲಕ್ಕೆ ಓಡಿದೆ. ಅಪ್ಪ ಕೇಳಿ, ನೇಗಿಲನ್ನು ಹಾಗೇ ಬಿಟ್ಟು ದೇವನಹಳ್ಳಿಯ ಕಡೆ ನಡೆದ. ಸಂಜೆಗೆ ಮುಂಚೆ ಬಂದ. ಮೀಸೆ ಇರಲಿಲ್ಲ, ತಲೆ ನುಣ್ಣಗಿತ್ತು. ಜಗಲಿಯ ಕೆಳಗೆ, ಅಜ್ಜಿಯ ಮುಂದೆ ಬಂದು ನಿಂತ.

ಅಜ್ಜಿ ಅವನ ತಲೆ ನೋಡಿದಳು, ಮುಖ ನೋಡಿದಳು. ಆಮೇಲೆ ಕೇಳಿದಳು, "ಯಾವಾಗ?"

"ಹೋದ ವರ್ಷ" ಎಂದ ಅಪ್ಪ.

"ನಿಂಗೆ ಯಾವಾಗ ಗೊತ್ತಾಯ್ತು?"

"ಅಲ್ಲೇ. ಕೊಲಂಬೊದಲ್ಲಿ."

ಅಜ್ಜಿ ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಹತ್ತಿರ ಹೋದೆ. ಅವಳು ನನ್ನನ್ನು ಪಕ್ಕಕ್ಕೆ ತಳ್ಳಿದಳು. "ಸೂತಕ ಮಡಿಕ್ಕೊಂಡು ನನ್ನ ಬಾಯಿಗೆ ಸಿಹಿ ಹಾಕ್ದೆಯಲ್ಲೋ! ಮಗ ಸತ್ತವ್ನೆ ಅಂತ ಗೊತ್ತಿದ್ದೂ ಹೆತ್ತವಳಿಗೆ ಸಿಹಿ ತಿನ್ನಿಸ್ದೆಯಲ್ಲೋ! ನಾನು ಬಾಯಿ ಚಪ್ಪರಿಸ್ಕೊಂಡು ಊರೆಲ್ಲ ಹೇಳ್ಕೊಂಡು ಬಂದೆ. ಆ ಹೆಣ್ಣಿಗೂ ತಿನ್ನಿಸ್ದೆ" ಎಂದಳು. ದನಿ ಎತ್ತಲಿಲ್ಲ. ಅವಳು ಕೂಗಾಡಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೋ ಏನೋ. ಜಗಲಿಯ ಕಂಬ ಹಿಡಿದು ಕುಸಿದು ಕೂತ.

ಅಜ್ಜಿ ಬಾವಿಯ ಹತ್ತಿರ ಹೋಗಿ, ಉಟ್ಟ ಒಳ್ಳೆಯ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿಸಿಕೊಂಡಳು. ನಾನೇ ಸೇದಿ ಕೊಟ್ಟೆ. ಮಾರನೆಯ ಬೆಳಗ್ಗೆ ನನ್ನನ್ನು ಕರೆದುಕೊಂಡು ಮತ್ತೆ ಆ ಹೆಣ್ಣಿನ ಊರಿಗೆ ಹೊರಟಳು. ಸೂತಕದವರು ಎಂದು ಆ ಮನೆಯ ಹೊಸ್ತಿಲು ಹತ್ತಲಿಲ್ಲ. ಬೀದಿಯಲ್ಲೇ ನಿಂತು, ಹುಡುಗಿಯ ತಂದೆಯನ್ನು ಕರೆಸಿ ಹೇಳಿದಳು: "ನನ್ನ ಮಗ ಇಲ್ಲ ಕಣಪ್ಪ. ನಂಗೆ ನಿನ್ನೆ ಗೊತ್ತಾಯ್ತು. ನಿಮ್ಮ ಹುಡುಗಿ ತಲೆ ಸ್ನಾನ ಮಾಡ್ಲಿ. ಬೇರೆ ಕಡೆ ನೋಡಿ, ಒಳ್ಳೇ ಮನೆ ಸಿಗ್ತದೆ." ಆ ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನನ್ನದೇ ವಯಸ್ಸಿನವಳು. ವಾಪಸು ಬರುವಾಗ ಹುಣಸೆ ಮರದ ಕೆಳಗೆ ಅಜ್ಜಿ ಕೂತಳು. ಅಲ್ಲಿ ಅತ್ತಳು. ಆಳುಗಳು ಯಾರೋ ದಾರಿಯಲ್ಲಿ ಬಂದು ನಿಂತರು, ನಾನು ಕೈಸನ್ನೆ ಮಾಡಿ ಅವರನ್ನು ಕಳಿಸಿದೆ.

ತಿಥಿಯಾಯಿತು. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮಲ್ಲಿ ವಾಡಿಕೆ. ಅಮ್ಮ ಡಬ್ಬಿಯಲ್ಲಿ ಉಳಿದಿದ್ದ ಚಾಕೊಲೇಟನ್ನೂ ಎಲೆಯ ಮೇಲೆ ಇಡಲೇ ಎಂದು ಕೇಳಿದಳು. ಅಜ್ಜಿ ಬೇಡವೆಂದಳು. "ಅವ್ನು ನಂಗೆ ಅಂತ ತರ್ಬೇಕು ಅಂದಿದ್ದು. ನಂಗೇ ಇರ್ಲಿ." ಸೂತಕ ಕಳೆದ ಮೇಲೆ ಅದನ್ನು ತಾನೇ ತಿಂದಳು. ದಿನವೂ ಊಟವಾದ ಮೇಲೆ ಉಗುರಿನಷ್ಟು ಕೆರೆದು ಬಾಯಲ್ಲಿಟ್ಟುಕೊಂಡು, ಯಾರ ಜೊತೆಯೂ ಮಾತಾಡದೆ ಕೂರುತ್ತಿದ್ದಳು. ಯಾರಿಗೂ ಒಂದು ಚೂರು ಕೊಡಲಿಲ್ಲ. ನಾವೂ ಕೇಳಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಏನಾದರೂ ಹೇಳಬೇಕಾದರೆ ಅವನು ಎದುರಿಗಿದ್ದರೂ, "ನಿಮ್ಮಪ್ಪಂಗೆ ಹೇಳು" ಎಂದು ನನಗೆ ಹೇಳುತ್ತಿದ್ದಳು. ಕೊಲಂಬೊದಿಂದ ಬಂದಮೇಲೂ ನನಗೆ ಅದೇ ಕೆಲಸವಾಯಿತು. ಅಪ್ಪ ತೆಳ್ಳಗಾದ. ಮೀಸೆ ಮತ್ತೆ ಬಂತು, ಬೆಳ್ಳಗೆ ಬಂತು.

ರಾಗಿ ಕಟಾವಿನ ದಿನಗಳಲ್ಲಿ ಆ ಬೇಕರಿಯವನು ಬಂದ. ಸೇಲಂನಲ್ಲಿ ಅಕ್ಕನ ಮಗಳ ಮದುವೆಗೆಂದು ಬಂದವನು, ಅಲ್ಲಿಂದ ಕೇಳಿಕೊಂಡು ಕೇಳಿಕೊಂಡು ನಮ್ಮೂರಿಗೆ ಬಂದಿದ್ದ. ಕಣದಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ಅಜ್ಜಿ ಅವನನ್ನು ಜಗಲಿಯ ಮೇಲೆ ಕೂರಿಸಿದಳು. ಎದುರಿಗೆ ತಾನು ಕೂತಳು, ನಡುವೆ ನಾನು. ಅಪ್ಪ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ.

"ಕೊನೇಲಿ ಅವ್ನಿಗೆ ನೀರು ಕೊಟ್ಟೋರು ಯಾರು ಅಂತ ಕೇಳು" ಎಂದಳು.

ಕೇಳಿದೆ. ಅವನು ತಲೆ ತಗ್ಗಿಸಿ, "ನಾನೇ, ಅಮ್ಮಾ" ಎಂದ. ಅದನ್ನು ನಾನು ಕನ್ನಡಕ್ಕೆ ಹೇಳಬೇಕಾಗಲಿಲ್ಲ.

ಅಜ್ಜಿ ಅವನ ಎರಡೂ ಕೈಗಳನ್ನು ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು. ಒಲೆಯ ಶಾಖಕ್ಕೆ ಸುಟ್ಟ ಕಲೆಗಳಿದ್ದ ಕೈಗಳು. ಅವುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ, "ಇವ್ನಿಗೆ ತಾಯಿ ಅವ್ಳಾ ಕೇಳು" ಎಂದಳು. ಇಲ್ಲವೆಂದ. "ಹಂಗಾದ್ರೆ ನಾಕು ದಿನ ಇದ್ದು ಹೋಗ್ಲಿ" ಎಂದವಳು, ತಲೆ ಎತ್ತಿ ಅಂಗಳದ ಕಡೆ ನೋಡಿದಳು. "ಲೇ, ಯಾಕೋ ಹಂಗೆ ಓಡಾಡ್ತೀಯ, ಕಾಲು ನೋಯಕಿಲ್ವಾ? ಬಾ, ಇವ್ನ ಪಕ್ಕ ಕೂತ್ಕೊ. ಇಬ್ರಿಗೂ ಊಟಕ್ಕೆ ಇಕ್ಕಿಸ್ತೀನಿ."

ಅದು ಅಪ್ಪನಿಗೆ ಆಡಿದ ಮಾತೆಂದು ಅಪ್ಪನಿಗೇ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಕಾಲು ತೊಳೆದುಕೊಂಡು ಬಂದು ಕೂತ. ಬೇಕರಿಯವನು ಮುದ್ದೆಯನ್ನು ನುಂಗಲು ಬಾರದೆ ಜಗಿಯುತ್ತಿದ್ದ, ಅದು ಹಲ್ಲಿಗೆಲ್ಲ ಅಂಟಿಕೊಂಡಿತು. ಅಪ್ಪ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಹೀಗೆ ಎಂದು ನುಂಗಿ ತೋರಿಸಿದ. ಅವನು ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದ. ಅಮ್ಮ ಒಳಗಿನಿಂದ ಮಜ್ಜಿಗೆ ತಂದಳು.

ಕಟಾವು ಮುಗಿಯುವತನಕ ಅವನು ನಮ್ಮಲ್ಲೇ ಇದ್ದ. ಕುಡುಗೋಲು ಹಿಡಿಯುವುದನ್ನು ಕಲಿತ, ಬೆರಳು ಕುಯ್ದುಕೊಂಡ, ಸಂಜೆ ಅಜ್ಜಿಯ ಪಕ್ಕ ಕೂತು ತಮಿಳಿನಲ್ಲಿ ಏನೇನೋ ಹೇಳುತ್ತಿದ್ದ. ಅವಳು ಕನ್ನಡದಲ್ಲಿ ಏನೇನೋ ಹೇಳುತ್ತಿದ್ದಳು. ಕೆಲವು ದಿನಕ್ಕೆ ನನ್ನನ್ನು ಕರೆಯುವುದನ್ನೂ ಬಿಟ್ಟರು. ಹೊರಟ ದಿನ ಅಪ್ಪ ಅವನನ್ನು ಗಾಡಿಯಲ್ಲಿ ದೇವನಹಳ್ಳಿಯ ರೈಲಿಗೆ ಹತ್ತಿಸಿ ಬಂದ. ಬಂದವನು ಎತ್ತು ಬಿಚ್ಚಿ ಕಟ್ಟಿ, ಊಟ ಪೂರ್ತಿ ಮಾಡಿ, ಜಗಲಿಯ ಮೇಲೆ ಟವೆಲು ಹಾಸಿಕೊಂಡು ಹಾಡುಹಗಲಲ್ಲೇ ಮಲಗಿ ನಿದ್ದೆ ಹೋದ. ಕಣದಿಂದ ಯಾರೋ ಅವನನ್ನು ಕರೆಯಲು ಬಂದರು. ಅಜ್ಜಿ ಬಾಗಿಲಲ್ಲಿ ನಿಂತು, "ಈಗ ಎಬ್ಬಿಸ್ಬ್ಯಾಡಿ, ಆಮೇಲೆ ಬನ್ನಿ" ಎಂದು ಅವರನ್ನು ಕಳಿಸಿಬಿಟ್ಟಳು.